ಪಟ್ಟಿಯಲ್ಲಿಲ್ಲದ ಪದ

ಅತ್ತೆಗೆ ಪಾಠ ಹೇಳಿಕೊಡುವ ಭಾಗ್ಯ ಎಷ್ಟು ಸೊಸೆಯರಿಗೆ ಸಿಕ್ಕೀತು? ಈ ಸೊಸೆಗೆ ಸಿಕ್ಕಿತ್ತು. ಮೊದಮೊದಲು ಅವಳು ಅದನ್ನು ಸ್ವಲ್ಪ ಚೆನ್ನಾಗಿಯೇ ಅನುಭವಿಸಿದಳು ಎಂಬುದನ್ನೂ ಮುಚ್ಚಿಡಬಾರದು. ಬೆಳಿಗ್ಗೆ ಆರೂವರೆಗೆ ಅಡುಗೆಮನೆಯ ಮೇಜಿನ ಆ ಬದಿಗೆ ಅತ್ತೆ, ಈ ಬದಿಗೆ ಇವಳು, ನಡುವೆ ಇಂಗ್ಲಿಷ್ ಪದಗಳ ಪಟ್ಟಿ. "ನಿನ್ನೆ ಕೊಟ್ಟ ಇಪ್ಪತ್ತು ಒಪ್ಪಿಸಿ ಅತ್ತೆ" ಎಂದು ಇವಳು ಹೇಳುವುದು, ಅತ್ತೆ ಕೈಕಟ್ಟಿ ಕುಳಿತು ಒಪ್ಪಿಸುವುದು. ಇದನ್ನು ನೋಡುವುದಕ್ಕೆಂದೇ ಅತ್ತೆಯ ಮಗರಾಯ ಬಾಯಲ್ಲಿ ಹಲ್ಲುಜ್ಜುವ ಬ್ರಶ್ ಇಟ್ಟುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದ.

"ನಗಬೇಡ ಕಣೋ. ನೀನು ಓದೋ ಕಾಲದಲ್ಲಿ ಹೀಗೆ ಓದಿದ್ರೆ ನನಗೆ ಈ ವಯಸ್ಸಲ್ಲಿ ಈ ಪಾಡಿರ್ತಿರಲಿಲ್ಲ" ಎಂದು ಅತ್ತೆ ಅವನನ್ನು ಗದರಿಸುತ್ತಿದ್ದರು. ಮಗ ಓದದೇ ಇದ್ದದ್ದಕ್ಕೂ ತಾಯಿ ಪರೀಕ್ಷೆಗೆ ಕೂರುವುದಕ್ಕೂ ಏನು ಸಂಬಂಧ ಎಂದು ಅವನಿಗೆ ಕೇಳುವ ಧೈರ್ಯವಿರಲಿಲ್ಲ.

ಅತ್ತೆ ದೊಡ್ಡದೊಂದು ಲಾಂಡ್ರಿಯಲ್ಲಿ ಕಲೆ ತೆಗೆಯುವ ಕೆಲಸದವರು. ಇಪ್ಪತ್ತಾರು ವರ್ಷದಿಂದ ಅದೇ ಮೇಜು, ಅದೇ ಬ್ರಶ್ಶುಗಳು, ಅವೇ ಎಂಟು ಬಾಟಲಿಗಳು. ಯಾವ ಬಾಟಲಿ ಯಾವ ಕಲೆಯನ್ನು ಎಬ್ಬಿಸುತ್ತದೆ ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಗೊತ್ತು. ಯಾಕೆ ಎಬ್ಬಿಸುತ್ತದೆ ಎಂಬುದು ಮಾತ್ರ ಗೊತ್ತಿಲ್ಲ. ಆ "ಯಾಕೆ" ಅವರನ್ನು ಕೊರೆಯುತ್ತಾ ಬಂದಿತ್ತು. ಊರಿನ ಕಾಲೇಜೊಂದರಲ್ಲಿ ಬಟ್ಟೆ ಮತ್ತು ಬಣ್ಣಗಳ ರಸಾಯನದ ಸಂಜೆ ತರಗತಿ ಶುರುವಾದ ದಿನವೇ ಅರ್ಜಿಯನ್ನು ತಂದು ಮೇಜಿನ ಮೇಲಿಟ್ಟು, "ಇದನ್ನ ಓದಿಯೇ ಸಾಯ್ತೀನಿ" ಎಂದಿದ್ದರು.

ಪಾಠಗಳೆಲ್ಲ ಇಂಗ್ಲಿಷಿನಲ್ಲಿ. ಹಾಗಾಗಿ ಸೇರುವ ಮುಂಚೆ ಓದಿ ಅರ್ಥಮಾಡಿಕೊಳ್ಳುವ ಪರೀಕ್ಷೆ: ನಾಲ್ಕು ಉದ್ದುದ್ದ ಗದ್ಯಭಾಗ, ನಲವತ್ತು ಪ್ರಶ್ನೆ, ಒಂದು ಗಂಟೆ. ಇಪ್ಪತ್ತನಾಲ್ಕು ಸರಿಯಾದರೆ ಸೀಟು. ಹೋದ ವರ್ಷ ಅತ್ತೆಗೆ ಬಂದದ್ದು ಹದಿನಾಲ್ಕು. ವರ್ಷಕ್ಕೆ ಒಂದೇ ಪರೀಕ್ಷೆ, ಐವತ್ತು ತುಂಬಿದವರಿಗೆ ಪ್ರವೇಶವಿಲ್ಲ, ಅತ್ತೆಗೆ ಮುಂದಿನ ಚಳಿಗಾಲಕ್ಕೆ ಐವತ್ತು. ಈ ಸಲ ತಪ್ಪಿದರೆ ಜೀವಮಾನಕ್ಕೇ ತಪ್ಪಿದಂತೆ.

ಸೊಸೆಯ ಕೆಲಸವೋ ಇಂಥ ಪರೀಕ್ಷೆಗಳಿಗೆ ತಯಾರು ಮಾಡುವುದೇ. ತರಬೇತಿ ಕೇಂದ್ರದಲ್ಲಿ ಎಂಟು ವರ್ಷದಿಂದ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಅಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು, ಅವಳದೇ ಆದ ಎಂಟುನೂರು ಕಷ್ಟದ ಪದಗಳ ಪಟ್ಟಿಯಿತ್ತು, ಮತ್ತು ಯಾರಿಗೂ ಹೇಳದ ಒಂದು ಉಪಾಯವೂ ಇತ್ತು. ತನಗೆ ಗೊತ್ತಿಲ್ಲದ ಪದವನ್ನು ಯಾರಾದರೂ ವಿದ್ಯಾರ್ಥಿ ಕೇಳಿದರೆ, "ಒಳ್ಳೆ ಪ್ರಶ್ನೆ, ನೀವೇ ಹುಡುಕ್ಕೊಂಡು ಬನ್ನಿ, ನಾಳೆ ನೋಡೋಣ" ಎಂದು ಮುಗುಳ್ನಕ್ಕು, ಬಿಡುವಿನಲ್ಲಿ ಓಡಿಹೋಗಿ ನಿಘಂಟು ತೆರೆಯುತ್ತಿದ್ದಳು. ಎಂಟು ವರ್ಷದಲ್ಲಿ ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ.

ಅತ್ತೆ ಎಂಟುನೂರನ್ನೂ ಎರಡೂವರೆ ತಿಂಗಳಲ್ಲಿ ಬಾಯಿಪಾಠ ಮಾಡಿ ಬಿಸಾಕಿದರು. ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ಹಲ್ಲುನೋವಿನಲ್ಲಿ ಕೂಡ. ಬರಬರುತ್ತಾ ಪದಗಳು ಮನೆಯೊಳಗೆಲ್ಲ ಓಡಾಡತೊಡಗಿದವು. "ನಿನ್ನ ಗಂಡ ಇವತ್ತು ಬಹಳ ಲಕಾನಿಕ್ ಆಗಿದಾನೆ, ಏನಾದ್ರೂ ಅಂದ್ಯಾ?" ಎಂದು ಅತ್ತೆ ಕೇಳುವರು. ಮಿತಭಾಷಿ ಎಂದು ಅರ್ಥ ಗೊತ್ತಾದ ಮೇಲೆ ಮಗ ಎರಡು ದಿನ ಬೇಕೆಂದೇ ವಟವಟ ಮಾತಾಡಿದ. ಸೊಸೆಗೆ ಒಳಗೊಳಗೇ ಹೆಮ್ಮೆ. ತನ್ನ ಹದಿನೆಂಟರ ವಿದ್ಯಾರ್ಥಿಗಳಲ್ಲಿ ಒಬ್ಬರಿಗೂ ಈ ಹಟವಿಲ್ಲ ಎಂದು ಅವಳು ಸಹೋದ್ಯೋಗಿಗಳ ಮುಂದೆ ಕೊಚ್ಚಿಕೊಂಡಳು.

ಆಮೇಲೆ ಅತ್ತೆಗೆ ಮಾದರಿ ಪರೀಕ್ಷೆ ಕೊಟ್ಟಳು. ಹದಿನೈದು ಬಂತು. ಎರಡನೆಯದರಲ್ಲಿ ಹದಿಮೂರು. ಮೂರನೆಯದರಲ್ಲಿ ಮತ್ತೆ ಹದಿನೈದು.

ಸೊಸೆ ಉತ್ತರಪತ್ರಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮಾಡಿದ ಪ್ರಶ್ನೆಗಳೆಲ್ಲ ಹೆಚ್ಚೂಕಡಿಮೆ ಸರಿ. ಆದರೆ ಮಾಡಿದ್ದು ಎರಡೇ ಗದ್ಯಭಾಗ. ಉಳಿದೆರಡು ಮುಟ್ಟದ ಹಾಗೇ ಇದ್ದವು.

"ಯಾಕೆ ಅತ್ತೆ, ಮುಂದಕ್ಕೆ ಹೋಗ್ಲೇ ಇಲ್ಲ?"

"ಇಲ್ಲಿ ನೋಡು, ಈ ಪದ" ಎಂದು ಅತ್ತೆ ತಪ್ಪಿತಸ್ಥರ ಹಾಗೆ ಬೆರಳಿಟ್ಟರು. "ನೀನು ಕೊಟ್ಟಿದ್ದೆಯೇನೋ, ನಾನೇ ಮರೆತೆ ಅನ್ಸುತ್ತೆ. ನೆನಪಿಸ್ಕೊಳ್ತಾ ಕೂತೆ."

ಅವಳು ಕೊಟ್ಟಿರಲಿಲ್ಲ. ಆ ಪದ ಯಾವ ಪಟ್ಟಿಯಲ್ಲೂ ಇರಲಿಲ್ಲ. ಪ್ರಶ್ನೆಪತ್ರಿಕೆ ತೆಗೆಯುವವರು ಬೇಕೆಂದೇ ಅಂಥ ನಾಲ್ಕಾರು ಪದಗಳನ್ನು ಹಾಕುತ್ತಾರೆ ಎಂದು ಸೊಸೆಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಅವಳ ಹತ್ತಿರವಿದ್ದ ಮದ್ದು ಒಂದೇ: ಇನ್ನೂ ಉದ್ದದ ಪಟ್ಟಿ. ಪರೀಕ್ಷೆಗೆ ಇನ್ನು ಹದಿನೆಂಟು ದಿನ ಇರುವಾಗ ಅವಳು ಇನ್ನೂರು ಹೊಸ ಪದ ಬರೆದುಕೊಟ್ಟಳು. ಅತ್ತೆ ಮಡಚಿ ಚೀಲದಲ್ಲಿಟ್ಟುಕೊಂಡರು. ಆದರೆ ಅವರ ಮುಖ ಸಪ್ಪಗಾದದ್ದನ್ನು ಸೊಸೆ ನೋಡಿದಳು, ನೋಡಿಯೂ ಪಟ್ಟಿಯನ್ನು ವಾಪಸು ಕೇಳಲಿಲ್ಲ.

ಮಾರನೆಯ ದಿನ ಅತ್ತೆ ಕನ್ನಡಕ ಮರೆತು ಹೋದರು. ತರಗತಿಗೆ ಹೋಗುವ ದಾರಿಯಲ್ಲೇ ಕೊಟ್ಟುಹೋದರಾಯಿತೆಂದು ಸೊಸೆ ಲಾಂಡ್ರಿಗೆ ಹೋದಳು. ಮದುವೆಯಾಗಿ ಆರು ವರ್ಷವಾದರೂ ಅತ್ತೆ ಕೆಲಸ ಮಾಡುವ ಜಾಗಕ್ಕೆ ಅವಳು ಹೋದದ್ದು ಅದೇ ಮೊದಲು. ಇದಕ್ಕೆ ನಾಚಿಕೆಪಡಬೇಕಾದ್ದು ಅವಳೇ, ನಾವಲ್ಲ.

ಒಳಗೆ ಹಬೆ, ಸೋಪಿನ ಘಾಟು, ತೊಳೆಯುವ ಯಂತ್ರಗಳ ಗುಡುಗು. ಕಿಟಕಿಯ ಪಕ್ಕ ಬಿಳಿ ಕಲ್ಲಿನ ಮೇಜಿನ ಮುಂದೆ ಅತ್ತೆ ನಿಂತಿದ್ದರು. ಕನ್ನಡಕ ಕೊಟ್ಟ ಕೂಡಲೇ ಮೂಗಿಗೇರಿಸಿ, "ಬಂದೆ, ಎರಡು ನಿಮಿಷ" ಎಂದು ಒಂದು ಬಿಳಿ ಅಂಗಿಯ ಕಡೆ ತಿರುಗಿದರು. ಎಡತೋಳಿನ ಕೊನೆಯಲ್ಲಿ ಕಂದು ಬಣ್ಣದ ಕಲೆ. ಬಟ್ಟೆ ತೆಗೆದುಕೊಳ್ಳುವ ಕೌಂಟರಿನವನು ಅಂಗಿಗೆ ಚೀಟಿ ಚುಚ್ಚಿದ್ದ: ಚಹಾ.

"ಚಹಾ ಅಲ್ವಾ?" ಎಂದಳು ಸೊಸೆ.

"ಗೊತ್ತಿಲ್ಲ" ಎಂದರು ಅತ್ತೆ.

ಎಷ್ಟು ಸಲೀಸಾಗಿ ಹೇಳಿದರೆಂದರೆ ಸೊಸೆ ಬೆಚ್ಚಿದಳು. ಇಪ್ಪತ್ತಾರು ವರ್ಷದ ಅನುಭವದವರು, ಪಕ್ಕದ ಮೇಜಿನವರಿಗೆಲ್ಲ ಕೇಳುವ ಹಾಗೆ, ಒಂದು ಚೂರೂ ಅಳುಕಿಲ್ಲದೆ ಗೊತ್ತಿಲ್ಲ ಎಂದಿದ್ದರು.

ಅತ್ತೆ ತೋಳನ್ನು ಒಳಮಗ್ಗುಲಿಗೆ ತಿರುಗಿಸಿದರು. "ಹಿಂದಕ್ಕೆ ಇಳಿದಿಲ್ಲ. ಚಹಾ ಆಗಿದ್ರೆ ಇಷ್ಟೊತ್ತಿಗೆ ಹೀರಿಕೊಂಡಿರೋದು, ಸುತ್ತ ಅಂಚು ಕಟ್ಟಿರೋದು." ಬೆರಳು ಅದ್ದಿ ಒಂದು ಹನಿ ನೀರು ಬಿಟ್ಟರು. ಹನಿ ಕಲೆಯ ಮೇಲೆ ಗುಂಡಗೆ ಕೂತಿತು. "ನೀರು ಒಳಗೆ ಹೋಗ್ತಿಲ್ಲ. ಜಿಡ್ಡೋ ಮೇಣವೋ ಇರಬೇಕು." ಅಂಗಿಯ ಬಲತೋಳು ನೋಡಿದರು, ಅದು ಸ್ವಚ್ಛ. ಎದೆಯ ಭಾಗ ನೋಡಿದರು, ಅದೂ ಸ್ವಚ್ಛ. ಮೂಸಿ ನೋಡಿದರು. ಆಮೇಲೆ ತಮ್ಮ ಎಡಗೈಯನ್ನು ಗಾಳಿಯಲ್ಲಿ ಯಾವುದರೊಳಗೋ ತೂರಿಸಿದಂತೆ ಮಾಡಿ, ಬಲಗೈಯಲ್ಲಿ ಉಜ್ಜಿದಂತೆ ಮಾಡಿದರು. "ಬೂಟ್ ಪಾಲಿಶ್. ಪುಣ್ಯಾತ್ಮ ಅಂಗಿ ಹಾಕ್ಕೊಂಡ ಮೇಲೆ ಬೂಟು ಉಜ್ಜಿದಾನೆ. ಚಹಾ ಅಂತ ನಾನು ಹಬೆ ಹೊಡೆದಿದ್ರೆ ಮೇಣ ಕರಗಿ ಬಟ್ಟೆ ಒಳಗೇ ಸೇರ್ಕೊಂಡುಬಿಡೋದು."

"ಅದು ಹೇಗೆ ಅತ್ತೆ ಗೊತ್ತಾಯ್ತು?"

"ಕಲೆನ ದುರುಗುಟ್ಟಿಕೊಂಡು ನೋಡಿದ್ರೆ ಅದೇನು ಬಾಯಿ ಬಿಡುತ್ತಾ? ಸುತ್ತಮುತ್ತ ನೋಡ್ಬೇಕು. ಗೊತ್ತು ಅಂದ್ಕೊಂಡೋರು ಬಟ್ಟೆ ಹಾಳು ಮಾಡ್ತಾರೆ. ಗೊತ್ತಿಲ್ಲ ಅಂದ್ಕೊಂಡ್ರೆ ಕೈ ಹುಷಾರಾಗಿರುತ್ತೆ."

"ಏನು ಮಾಡಿದ್ರೂ ಹೋಗದೇ ಇದ್ರೆ?"

ಅತ್ತೆ ಮೇಜಿನ ಡ್ರಾಯರ್ ಎಳೆದು ಅಚ್ಚು ಹಾಕಿಸಿದ ಹಳದಿ ಚೀಟಿಗಳ ಕಟ್ಟು ತೋರಿಸಿದರು. "ಪ್ರಯತ್ನಿಸಿದ್ದೇವೆ, ಈ ಕಲೆ ಹೋಗಲಿಲ್ಲ" ಎಂದು ಅದರಲ್ಲಿತ್ತು. "ಇದನ್ನ ಅಂಟಿಸಿ ಮುಂದಿನ ಬಟ್ಟೆ ತಗೊಳ್ಳೋದು. ದಿನಕ್ಕೆ ತೊಂಬತ್ತು ಬಟ್ಟೆ ಕಣೆ. ಒಂದಕ್ಕೇ ಅಳ್ತಾ ಕೂತ್ರೆ ಆಗುತ್ತಾ?"

ಸೊಸೆ ಕಲ್ಲಿನ ಮೇಜಿಗೆ ಒರಗಿ ನಿಂತುಬಿಟ್ಟಳು. ಇಷ್ಟು ಬುದ್ಧಿಯುಳ್ಳ ಹೆಂಗಸನ್ನು ಕೈಕಟ್ಟಿ ಕೂರಿಸಿ, ಗಿಳಿಪಾಠ ಒಪ್ಪಿಸಿಕೊಂಡೆನಲ್ಲ ಎಂದು ಅವಳು ತನ್ನನ್ನೇ ಬೈದುಕೊಂಡಳು. ಎಂಟು ವರ್ಷದಿಂದ ತಾನು ಮುಚ್ಚಿಟ್ಟುಕೊಂಡು ಬಂದ ಒಂದು ಮಾತನ್ನು ಅತ್ತೆ ದಿನಕ್ಕೆ ತೊಂಬತ್ತು ಸಲ ಹೇಳಿ, ಅಲ್ಲಿಂದಲೇ ಕೆಲಸ ಶುರುಮಾಡುತ್ತಿದ್ದರು.

"ಅತ್ತೆ, ನಿನ್ನೆ ಕೊಟ್ಟ ಪಟ್ಟಿ ಎಲ್ಲಿ?"

ಅತ್ತೆ ಚೀಲದಿಂದ ತೆಗೆದುಕೊಟ್ಟರು. ಸೊಸೆ ಅದನ್ನು ಹರಿದು ಕಸದ ಡಬ್ಬಿಗೆ ಹಾಕಿದಳು. ಅಂದು ತರಗತಿಗೆ ತಡವಾಯಿತು, ಬೈಸಿಕೊಂಡಳು, ಬೇಸರವಾಗಲಿಲ್ಲ.

ಮರುದಿನದಿಂದ ಮೇಜಿನ ನಡುವೆ ಗದ್ಯಭಾಗಗಳಷ್ಟೇ. "ಅತ್ತೆ, ಗೊತ್ತಿಲ್ಲದ ಪದ ಬಂದ್ರೆ ಅದು ನೀವು ಮರೆತಿದ್ದಲ್ಲ. ಅದು ಕಲೆ" ಎಂದು ಸೊಸೆ ಹೇಳಿದಳು.

ಅತ್ತೆ ಅವಳ ಮುಖವನ್ನೇ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು.

ಮೊದಲ ದಿನ ಬಂದ ಗದ್ಯಭಾಗ ಒಂದು ಹಡಗಿನ ಪ್ರಯಾಣದ ಬಗ್ಗೆ. ಅದರಲ್ಲಿ ಕ್ಯಾಪ್ಟನ್‌ನನ್ನು ಪಟ್ಟಿಯಲ್ಲಿಲ್ಲದ ಒಂದು ಪದದಿಂದ ಬಣ್ಣಿಸಿದ್ದರು. ಅತ್ತೆ ಹಿಂದಿನ ಸಾಲು ಓದಿದರು: ನಾವಿಕರು ಅವನಿಗೆ ಎದುರು ಮಾತಾಡಲು ಹೆದರುತ್ತಿದ್ದರು. ಮುಂದಿನದು ಓದಿದರು: ಆದರೂ ಬಿರುಗಾಳಿ ಬಂದಾಗ ಎಲ್ಲರೂ ಅವನ ಹತ್ತಿರವೇ ಓಡಿದರು. "ಗದರಿಸೋ ಗಂಡಸು, ಆದ್ರೆ ಕೆಟ್ಟೋನಲ್ಲ. 'ಆದರೂ' ಅಂತ ಇದೆಯಲ್ಲ, ಅಲ್ಲಿ ತಿರುಗುತ್ತೆ. ಸರಿನಾ?"

ಸೊಸೆ ಬಾಯಿ ತೆರೆದಳು. ಒಳ್ಳೆ ಪ್ರಶ್ನೆ ಎನ್ನುವುದಕ್ಕೆ ನಾಲಿಗೆ ತಾನಾಗಿಯೇ ಹೊರಟಿತ್ತು. ತಡೆದುಕೊಂಡಳು. "ನನಗೂ ಗೊತ್ತಿಲ್ಲ ಅತ್ತೆ" ಎಂದಳು. ಇಬ್ಬರೂ ಸೇರಿ ನಿಘಂಟು ನೋಡಿದರು. ಅತ್ತೆ ಹೇಳಿದ್ದು ಹೆಚ್ಚೂಕಡಿಮೆ ಅದೇ. ಆ ಬೆಳಿಗ್ಗೆ ಅತ್ತೆ ನಕ್ಕ ನಗೆಯನ್ನು ಸೊಸೆ ಮದುವೆಯಾದಾಗಿನಿಂದ ನೋಡಿರಲಿಲ್ಲ.

ಹಾಗೆಂದು ಎಂಟುನೂರು ಪದ ದಂಡವಾದವೆಂದಲ್ಲ. ಸುತ್ತಮುತ್ತ ನೋಡಬೇಕಾದರೆ ಸುತ್ತಮುತ್ತ ಇರುವುದಾದರೂ ಗೊತ್ತಿರಬೇಕು, ಅಷ್ಟನ್ನು ಅವು ಕೊಟ್ಟವು. ಆದರೆ ಹದಿನಾರು ದಿನದಲ್ಲಿ ಹದಿನೈದು ಇದ್ದದ್ದು ಹತ್ತೊಂಬತ್ತಾಗಿ, ಆಮೇಲೆ ಇಪ್ಪತ್ತೆರಡಾದದ್ದು ಪಟ್ಟಿಯಿಂದಲ್ಲ. ಇಪ್ಪತ್ತನಾಲ್ಕು ಮಾತ್ರ ಒಮ್ಮೆಯೂ ಆಗಲಿಲ್ಲ. ಪರೀಕ್ಷೆಯ ಹಿಂದಿನ ದಿನವೂ ಇಪ್ಪತ್ತೆರಡೇ.

ಪರೀಕ್ಷೆಯ ದಿನ ಸೊಸೆ ರಜೆ ಹಾಕಿ ಕಾಲೇಜಿನ ಗೇಟಿನ ಹೊರಗೆ ಕಟ್ಟೆಯ ಮೇಲೆ ಕುಳಿತಳು. ಒಳಗೆ ಹೋದ ಸಾಲಿನಲ್ಲಿ ಅತ್ತೆಯೊಬ್ಬರದೇ ನರೆತ ತಲೆ. ಹಿಂದಿದ್ದ ಹುಡುಗಿಯೊಬ್ಬಳು ಅವರನ್ನು ಮೇಲ್ವಿಚಾರಕಿ ಎಂದುಕೊಂಡು, "ಮೇಡಂ, ಕೊಠಡಿ ಯಾವ ಕಡೆ?" ಎಂದು ಕೇಳಿದಳು. ಅತ್ತೆ, "ನನಗೂ ಗೊತ್ತಿಲ್ಲಮ್ಮ, ಬಾ, ಹುಡುಕೋಣ" ಎಂದು ಅವಳ ಕೈ ಹಿಡಿದುಕೊಂಡೇ ಒಳಗೆ ಹೋದರು.

ಆ ಒಂದು ಗಂಟೆಯಲ್ಲಿ ಸೊಸೆ ಉಗುರು ಕಚ್ಚಿ ಮುಗಿಸಿದಳು. ತನ್ನ ಪರೀಕ್ಷೆಗಳಿಗೆ ಅವಳು ಇಷ್ಟು ಹೆದರಿರಲಿಲ್ಲ. ಎರಡೂವರೆ ತಿಂಗಳು ಹಾಳುಮಾಡಿದ್ದು ತಾನು, ಸೀಟು ಹೋದರೆ ಹೋಗುವುದು ಅವರದು. ಎಲ್ಲರ ಹಿಂದೆ, ನಿಧಾನವಾಗಿ ಅತ್ತೆ ಹೊರಬಂದರು. ಮುಖ ನೋಡಿದರೆ ಏನೂ ಗೊತ್ತಾಗುವಂತಿರಲಿಲ್ಲ.

"ನಾಲ್ಕೂ ಮುಗಿಸಿದೆ" ಎಂದರು. "ಹನ್ನೊಂದು ಪದ ಗೊತ್ತಿರಲಿಲ್ಲ. ಏಳನ್ನ ತೆಗೆದೆ. ನಾಲ್ಕಕ್ಕೆ ಚೀಟಿ ಅಂಟಿಸಿ ಮುಂದೆ ಹೋದೆ."

ಸೊಸೆ ರಸ್ತೆಯಲ್ಲೇ ಅವರನ್ನು ತಬ್ಬಿಕೊಂಡಳು. ಇನ್ನು ಫಲಿತಾಂಶ ಏನೇ ಬರಲಿ ಎಂದುಕೊಂಡಳು, ಆದರೆ ಹಾಗೆ ಅಂದುಕೊಂಡವಳು ಮುಂದಿನ ಎರಡು ವಾರ ದಿನಕ್ಕೆ ಹತ್ತು ಸಲ ಕಾಲೇಜಿನ ಜಾಲತಾಣ ತೆರೆದು ನೋಡಿದಳು.

ಇಪ್ಪತ್ತಾರು ಬಂದಿತ್ತು.

ಪ್ರವೇಶದ ದಿನ ಇಬ್ಬರೂ ಕಾಲೇಜಿನ ಕಚೇರಿಗೆ ಹೋದರು. ಗಾಜಿನ ಆಚೆ ಕುಳಿತ ಗುಮಾಸ್ತ ಅರ್ಜಿಯ ಪುಟಗಳನ್ನು ಒಂದೊಂದಾಗಿ ನೋಡಿ, ಕೊನೆಯ ಪುಟವನ್ನು ಹೊರಗೆ ತಳ್ಳಿದ. "ಪೋಷಕರ ಸಹಿ ಇಲ್ಲ."

"ಇವರಿಗೆ ಐವತ್ತಾಗ್ತಾ ಬಂತು ಸರ್. ಎಲ್ಲಿಂದ ತರೋದು ಪೋಷಕರನ್ನ?" ಎಂದಳು ಸೊಸೆ.

"ಆ ಜಾಗ ಖಾಲಿ ಬಿಟ್ರೆ ಕಂಪ್ಯೂಟರ್ ತಗೊಳಲ್ಲ ಮೇಡಂ. ನಾನೇನು ಮಾಡ್ಲಿ?"

ಸೊಸೆಗೆ ರೇಗಿತು. ಮೇಲಿನವರ ಹತ್ತಿರ ಹೋಗಿ ಕೇಳುತ್ತೇನೆಂದು ಹೊರಟವಳನ್ನು ಅತ್ತೆ ತಡೆದರು. ಕಾಗದ ಈಚೆಗೆ ಎಳೆದುಕೊಂಡು, ಕನ್ನಡಕ ಏರಿಸಿ, ಪೋಷಕರ ಹೆಸರು ಎಂಬಲ್ಲಿ ಅಚ್ಚುಕಟ್ಟಾಗಿ ಸೊಸೆಯ ಹೆಸರು ಬರೆದರು. ವಿದ್ಯಾರ್ಥಿಗೆ ಸಂಬಂಧ ಎಂಬಲ್ಲಿ ಸೊಸೆ ಎಂದು ಬರೆದರು. ಪೆನ್ನನ್ನು ಅವಳ ಕಡೆ ಚಾಚಿದರು.

"ಹಾಕು" ಎಂದರು. "ನಾನು ಚೆನ್ನಾಗಿ ಓದ್ತೀನಿ ಅಂತ ಒಬ್ಬರು ಜವಾಬ್ದಾರಿ ತಗೋಬೇಕಂತೆ."

ಗುಮಾಸ್ತ ಏನೋ ಹೇಳಲು ಹೋದವನು ಅತ್ತೆಯ ಮುಖ ನೋಡಿ ಮೊಹರನ್ನು ಕೈಗೆತ್ತಿಕೊಂಡ. ಸೊಸೆಗೆ ಕಾಗದದ ಮೇಲಿನ ಗೆರೆ ಸರಿಯಾಗಿ ಕಾಣುತ್ತಿರಲಿಲ್ಲ. ಅತ್ತೆ ಬೆರಳಿಟ್ಟು ಜಾಗ ತೋರಿಸಿದರು, ಅವಳು ಸಹಿ ಹಾಕಿದಳು.