ದಿಂಬು ಹಿಡ್ಕೊಳ್ಳಿ

ನಮ್ಮ ಯಜಮಾನರು ದಿನಕರರಾವ್ ಅವರ ಹೃದಯದ ವಾಲ್ವ್ ಬದಲಿಸಿದ ಮೇಲೆ ಡಾಕ್ಟರು ಒಂದು ಪುಟ್ಟ ದಿಂಬು ಕೊಟ್ಟು, "ಎದೆಮೂಳೆ ಇನ್ನೂ ಕೂಡಬೇಕು. ಕೆಮ್ಮು ಬಂದ್ರೂ ನಗು ಬಂದ್ರೂ ಇದನ್ನ ಎದೆಗೆ ಅವುಚಿಕೊಳ್ಳಿ" ಅಂದಿದ್ದರು. ಕೆಮ್ಮೇನೋ ಸರಿ, ನಗುವಿನದೇ ಪೀಕಲಾಟ. ನಾನು ಬೈದರೆ ಈ ಮನುಷ್ಯನಿಗೆ ನಗು ಬರುತ್ತದೆ, ಮದುವೆಯಾದಾಗಿನಿಂದ ಹೀಗೇ. ಆಸ್ಪತ್ರೆಯಲ್ಲಿ ಒಮ್ಮೆ ಬೈದೆ. ಅವರು ನಕ್ಕು, ನೋವಿಗೆ ಮುಖ ಕಿವುಚಿದ್ದು ನೋಡಿ ಅವತ್ತೇ ಬಾಯಿಗೆ ಬೀಗ ಹಾಕಿದೆ.

ಎರಡು ತಿಂಗಳ ಮೇಲೆ ಡಾಕ್ಟರು ಎಲ್ಲಾದರೂ ಹೋಗಿಬನ್ನಿ ಅಂದರು. ಕೊಲ್ಹಾಪುರದಿಂದ ಕಾರು ಮಾಡಿಕೊಂಡು ಮಾಲ್ವಣದ ಸಮುದ್ರಕ್ಕೆ ಬಂದೆವು. ಇವರು ಮಾತ್ರೆಯ ಡಬ್ಬಿಯನ್ನು ದಾರಿಯ ಚಹಾದಂಗಡಿಯಲ್ಲೇ ಮರೆತರು. ಕಾರು ತಿರುಗಿಸಿ ತಂದೆವು. ನಾನು ತುಟಿ ಬಿಚ್ಚಲಿಲ್ಲ. ಮಧ್ಯಾಹ್ನ ಮೀನೂಟದಲ್ಲಿ ಹೊಸ ಶರಟಿನ ಮೇಲೆ ಕೋಕಂ ಹುಳಿಯ ಕೆಂಪು ಸೋಲ್‌ಕಢಿ ಚೆಲ್ಲಿಕೊಂಡರು, ಸುಮ್ಮನೆ ಒರೆಸಿದೆ.

ಸಂಜೆ ಮರಳಿನ ಮೇಲೆ ಕೂತಾಗ ಅವರ ಮುಖ ಬಾಡಿಹೋಗಿತ್ತು.

"ಮಾಲೂ, ಡಾಕ್ಟರು ನಿನ್ನ ಹತ್ರ ಏನ್ ಹೇಳಿದಾರೆ? ನಿಜ ಹೇಳು."

"ಎಲ್ಲಾ ಚೆನ್ನಾಗಿದೆ ಅಂದ್ರು ರೀ."

"ಸುಳ್ಳು. ಎರಡು ತಿಂಗಳಿಂದ ನೀನು ನನ್ನ ಬೈದೇ ಇಲ್ಲ. ಮಾತ್ರೆ ಮರೆತ್ರೂ ಇಲ್ಲ, ಶರಟು ಹಾಳು ಮಾಡಿಕೊಂಡ್ರೂ ಇಲ್ಲ. ನಂಗಿನ್ನು ಎಷ್ಟು ದಿನ ಉಳಿದಿದೆ, ಹೇಳಿಬಿಡು."

ನನಗೆ ಕಣ್ಣು ತುಂಬಿಬಂತು. ಜೊತೆಗೇ ಮೈಯೆಲ್ಲ ಉರಿದುಹೋಯಿತು. ಚೀಲದಿಂದ ದಿಂಬು ತೆಗೆದು ಅವರ ಎದೆಗೆ ಒತ್ತಿದೆ.

"ಗಟ್ಟಿಯಾಗಿ ಹಿಡ್ಕೊಳ್ಳಿ," ಅಂದೆ. "ಎರಡು ತಿಂಗಳದ್ದು ಬಾಕಿ ಇದೆ."