ಗೊಂಬೆಯ ಬೆನ್ನು

ಮಿಠಾಯಿ ಮಾಡುವವನಿಗೆ ಸಿಹಿಯ ಆಸೆ ಇರುವುದಿಲ್ಲ. ಹಾಗೆಯೇ ಗೂಟನಿಗೆ ಬಟ್ಟೆಯ ಚಿಂತೆ ಇರಲಿಲ್ಲ, ಅವನು ಬಟ್ಟೆ ಅಂಗಡಿಯಲ್ಲೇ ಕೆಲಸಕ್ಕಿದ್ದ. ಗಂಡಸರ ವಿಭಾಗದಲ್ಲಿ ಷರ್ಟು ಪ್ಯಾಂಟು ಮಾರುವುದು ಅವನ ಕಸುಬು. ಗೂಟ ಅನ್ನುವುದು ಅಂಗಡಿಯವರು ಇಟ್ಟ ಹೆಸರು. ಆಳು ಉದ್ದ, ಮೈ ಸಪೂರ. ಏನು ಹಾಕಿದರೂ ಅದು ಅವನು ತೊಟ್ಟ ಬಟ್ಟೆಯಂತೆ ಕಾಣುತ್ತಿರಲಿಲ್ಲ, ಯಾರೋ ಸ್ನಾನಕ್ಕೆ ಹೋಗುವಾಗ ತಗುಲಿಹಾಕಿ ಮರೆತುಹೋದ ಬಟ್ಟೆಯಂತೆ ಕಾಣುತ್ತಿತ್ತು. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಅಂಗಡಿಯಲ್ಲಿ ಎಲ್ಲರಿಗೂ ಬೂದು ಬಣ್ಣದ ಯೂನಿಫಾರಂ ಇತ್ತು, ಅದರೊಳಗೆ ಎಲ್ಲರೂ ಸಮನಾಗಿ ಕೆಟ್ಟದಾಗಿ ಕಾಣುತ್ತಿದ್ದರು.

ಯಜಮಾನರಿಗೆ ಮಂಡಿ ಹಿಡಿದು ಅವರು ಮನೆಯಲ್ಲಿ ಕೂತಮೇಲೆ ಅಂಗಡಿ ಸೊಸೆಯ ಕೈಗೆ ಬಂತು. ಬಂದ ವಾರದಲ್ಲೇ ಯೂನಿಫಾರಂ ಹೋಯಿತು. ಸೊಸೆ ಕಡಿಮೆ ಮಾತಿನ ಹೆಂಗಸು. ಬೆಳಿಗ್ಗೆ ಶಟರು ಎತ್ತುವ ಮುಂಚೆ ಎಲ್ಲರನ್ನೂ ನಿಲ್ಲಿಸಿಕೊಂಡು ಇಷ್ಟೇ ಹೇಳಿದಳು: ಇನ್ನು ಮೇಲೆ ನಿಮ್ಮ ನಿಮ್ಮ ಬಟ್ಟೆಯಲ್ಲಿ ಬನ್ನಿ. ನಿಮ್ಮನ್ನು ನೋಡಿದ ಗಿರಾಕಿ ನಾನೂ ಹೀಗೆ ಕಾಣಬೇಕು ಅಂದುಕೊಳ್ಳಬೇಕು. ಆದರೆ ಅದಕ್ಕಾಗಿ ನೀವು ಕಷ್ಟಪಟ್ಟಿದ್ದೀರಿ ಅಂತ ಗೊತ್ತಾಗಬಾರದು. ತಿಂಗಳ ಕೊನೆಯವರೆಗೂ ನೋಡುತ್ತೇನೆ, ಆಮೇಲೆ ಗಂಡಸರ ವಿಭಾಗದ ಮೂವರಲ್ಲಿ ಒಬ್ಬರು ಕೆಳಗೆ ಗೋಡೌನಿಗೆ.

ಗೋಡೌನು ಗೂಟನಿಗೆ ಹೊಸದಲ್ಲ. ಅದು ಅಂಗಡಿಯ ನೆಲದ ಕೆಳಗಿನ ಕೋಣೆ, ಕಿಟಕಿ ಇಲ್ಲ. ಹೊಸ ಬಟ್ಟೆಯ ಗಂಜಿ ಉದುರಿ ಉದುರಿ ಗಾಳಿಯೇ ಹಿಟ್ಟಿನ ಹಾಗೆ ಇರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಅಲ್ಲೇ ಇದ್ದ. ಕೆಮ್ಮು ಹತ್ತಿತು, ಹೋಗಲಿ, ಕೆಮ್ಮಿಗೆ ಔಷಧಿ ಇದೆ. ಮಾತಾಡಲು ಜನ ಇರಲಿಲ್ಲ. ಒಂದು ಮಧ್ಯಾಹ್ನ ಪ್ಯಾಂಟಿನ ಗಂಟೊಂದಕ್ಕೆ ತನ್ನ ತಂಗಿಯ ಗಂಡನ ಸ್ವಭಾವವನ್ನು ವಿವರಿಸುತ್ತಾ ಕೂತಿದ್ದಾಗ ಯಜಮಾನರು ಇಳಿದು ಬಂದು, ಕೇಳಿಸಿಕೊಂಡು, ಪಾಪ ಅನ್ನಿಸಿ ಮೇಲಕ್ಕೆ ಕರೆದುಕೊಂಡಿದ್ದರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಗೂಟನಿಗೆ ಬಾಯಿ ಬಿಟ್ಟರೆ ಬೇರೆ ಬದುಕಿರಲಿಲ್ಲ. ಮತ್ತೆ ಕೆಳಗೆ ಹೋದರೆ ತಾನು ಮೇಲೆ ಬರುವುದಿಲ್ಲ ಅಂತ ಅವನಿಗೆ ಖಾತ್ರಿಯಿತ್ತು.

ಜೊತೆಯ ಇಬ್ಬರಲ್ಲಿ ಒಬ್ಬ ಸೆಂಟು. ಅವನು ಬರುವ ಮುಂಚೆ ಅವನ ವಾಸನೆ ಬಂದು ಹಾಜರಿ ಹಾಕುತ್ತಿತ್ತು. ಇನ್ನೊಬ್ಬ ಮೀಸೆ. ಅಂಥ ಮೀಸೆಯ ಕೆಳಗೆ ಗೋಣಿಚೀಲ ತೊಟ್ಟರೂ ನಡೆಯುತ್ತಿತ್ತು. ಅಂದಮೇಲೆ ಯಾರು ಕೆಳಗೆ ಹೋಗುವವರು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗೂಟ ಮೊದಲ ದಿನ ಹೊಸ ಷರ್ಟು ಹಾಕಿಕೊಂಡು ಹೋದ, ಮಡಿಕೆಯ ಗೆರೆ ಹಾಗೇ ಇತ್ತು. ಸೊಸೆ ನೋಡಿ, ಕಷ್ಟ ಕಾಣಿಸುತ್ತಿದೆ ಅಂದಳು. ಮರುದಿನ ಇಸ್ತ್ರಿ ಮಾಡದ ಷರ್ಟು ಹಾಕಿಕೊಂಡು ಹೋದ. ಮೈ ಹುಷಾರಿಲ್ಲವೇ ಅಂತ ಕೇಳಿದಳು. ಆಮೇಲೆ ತೋಳು ಮಡಚುವುದನ್ನು ಹಿಡಿದ. ಅಲಕ್ಷ್ಯದಿಂದ ಮಡಚಿದ ಹಾಗಿರಬೇಕು, ಆದರೆ ಎರಡೂ ತೋಳಿನ ಅಲಕ್ಷ್ಯ ಒಂದೇ ಅಳತೆಗೆ ಬರಬೇಕು. ಕನ್ನಡಿಯ ಮುಂದೆ ಅವನು ಇದನ್ನು ಸಾಧಿಸುತ್ತಾ ನಿಂತಿರುವಾಗ ಹೆಂಡತಿ ಬಸ್ಸಿಗೆ ಹೊರಡುತ್ತಿದ್ದಳು. ಅವಳು ಬಸ್ಸಿನ ಕಂಡಕ್ಟರು. ತನಗೆ ಸರ್ಕಾರವೇ ಯೂನಿಫಾರಂ ಹೊಲಿಸಿಕೊಟ್ಟಿದೆ, ಪುಣ್ಯ ಕಟ್ಟಿಕೊಂಡಿದೆ, ಅಂತ ಹೇಳಿ ಹೋದಳು.

ಹೀಗೆ ದಾರಿ ಕಾಣದೆ ಇದ್ದಾಗ ಅವನ ಕಣ್ಣು ಗೊಂಬೆಯ ಮೇಲೆ ಬಿತ್ತು. ಅಂಗಡಿಯ ಮುಂದಿನ ಗಾಜಿನೊಳಗೆ ನಿಲ್ಲಿಸುತ್ತಾರಲ್ಲ, ಆ ಗೊಂಬೆ. ಅದಕ್ಕೆ ಬಟ್ಟೆ ತೊಡಿಸುವುದೂ ಬಿಚ್ಚುವುದೂ ಮೊದಲಿನಿಂದ ಗೂಟನ ಕೆಲಸವೇ. ಅದಕ್ಕೆ ತಲೆ ಇಲ್ಲ, ಮೀಸೆ ಇಲ್ಲ, ಸೆಂಟಿಲ್ಲ. ಆದರೂ ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಅದಕ್ಕಿದ್ದು ತನಗಿಲ್ಲದ್ದು ಏನು ಅಂತ ಗೂಟ ಯೋಚಿಸಿದ. ಕ್ಲಿಪ್ಪು. ಗೊಂಬೆಗೆ ಹಾಕುವುದು ಯಾವಾಗಲೂ ಮಾರಾಟವಾಗದೆ ಉಳಿದ ದೊಡ್ಡ ಅಳತೆಯ ಬಟ್ಟೆ. ಹೆಚ್ಚಿದ್ದನ್ನೆಲ್ಲ ಬೆನ್ನಿಗೆ ಎಳೆದು, ಸೊಂಟದಿಂದ ಹೆಗಲವರೆಗೆ ಹಲ್ಲಿನ ಕ್ಲಿಪ್ಪು ಕಚ್ಚಿಸಿಬಿಟ್ಟರೆ ಮುಂದಿನಿಂದ ಅಚ್ಚಿಗೆ ಸುರಿದ ಹಾಗೆ ಕೂರುತ್ತದೆ. ಬೇರೆ ಯಾರಾದರೂ ಆಗಿದ್ದರೆ ದರ್ಜಿಯ ಹತ್ತಿರ ಹೋಗುತ್ತಿದ್ದರು. ಗೂಟನಿಗೆ ಅದು ಹೊಳೆಯಲೇ ಇಲ್ಲ. ಅವನ ಆಯುಷ್ಯದಲ್ಲಿ ಚೆನ್ನಾಗಿ ಕೂತ ಬಟ್ಟೆಗಳನ್ನೆಲ್ಲ ಅವನು ಹಿಂದಿನಿಂದ ನೋಡಿದ್ದ, ಎಲ್ಲದಕ್ಕೂ ಕ್ಲಿಪ್ಪಿತ್ತು. ಇನ್ನೊಂದು ಜಾತಿಯ ಚಂದ ಇದೆ ಅಂತ ಅವನಿಗೆ ಯಾರು ಹೇಳಬೇಕು?

ಗೊಂಬೆಯ ಹಳೇ ಬಟ್ಟೆಗಳನ್ನು ಕೆಲಸದವರಿಗೇ ಕೊಟ್ಟುಬಿಡುವ ರೂಢಿ ಇತ್ತು. ಒಂದು ಪಕ್ಕ ಬಿಸಿಲಿಗೆ ಬಣ್ಣ ಇಳಿದಿರುತ್ತಿತ್ತು, ಅಷ್ಟೆ. ಮರುದಿನ ಗೂಟ ಅಂಥದೊಂದು ನೀಲಿ ಷರ್ಟು ತೊಟ್ಟು, ಅಂಗಡಿಯ ಟ್ರಯಲ್ ರೂಮಿನಲ್ಲಿ ಎರಡು ಕನ್ನಡಿಗಳ ನಡುವೆ ಕೈ ತಿರುಚಿಕೊಂಡು, ಬೆನ್ನುದ್ದಕ್ಕೂ ಕ್ಲಿಪ್ಪು ಹಾಕಿಕೊಂಡು ಹೊರಗೆ ಬಂದ.

ಬಂದಮೇಲೆ ಗೊತ್ತಾಯಿತು, ಈ ಬಟ್ಟೆಯಲ್ಲಿ ಯಾರಿಗೂ ಬೆನ್ನು ತೋರಿಸುವ ಹಾಗಿಲ್ಲ. ಬಗ್ಗುವ ಹಾಗಿಲ್ಲ, ಕ್ಲಿಪ್ಪು ಹಾರಿ ಯಾರ ಕಣ್ಣಿಗಾದರೂ ಬಿದ್ದೀತು. ಕೂರುವ ಹಾಗೂ ಇಲ್ಲ. ಹಾಗಾಗಿ ಗೂಟ ಹೋಗಿ ಕಂಬಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟ. ಗಿರಾಕಿ ಬಂದರೆ ಮೊದಲಿನ ಹಾಗೆ, ಬನ್ನಿ ಸರ್, ಏನು ಬೇಕು ಸರ್, ಒಳಗಿನ್ನೂ ಇದೆ ಸರ್, ಅಂತ ಮುನ್ನುಗ್ಗಲಿಲ್ಲ. ಪಕ್ಕದಿಂದ ಯಾರಾದರೂ ಕರೆದರೆ ಕತ್ತು ಹೊರಳಿಸಲಿಲ್ಲ. ಪಾದದಿಂದ ಶುರುಮಾಡಿ ಇಡೀ ಮೈಯನ್ನು ನಿಧಾನಕ್ಕೆ ತಿರುಗಿಸಿದ, ಒಂದು ಕೈ ಹಿಂದೆ ಇಟ್ಟುಕೊಂಡು. ಮಾತೂ ಕಡಿಮೆಯಾಯಿತು, ಉಸಿರು ಜೋರಾಗಿ ಎಳೆದರೆ ನಡುವಿನ ಕ್ಲಿಪ್ಪು ಚುಚ್ಚುತ್ತಿತ್ತು.

ಜನ ತಾವಾಗಿ ಅವನ ಹತ್ತಿರ ಬರತೊಡಗಿದರು. ಇವನು ಏನೂ ಮಾರುವವನಲ್ಲ, ಇವನ ಮಾತು ನಂಬಬಹುದು ಅನ್ನಿಸಿತೋ ಏನೋ. ವಾರದೊಳಗೆ ಇಬ್ಬರು, ಆ ಕಂಬದ ಹತ್ತಿರ ನಿಂತಿರೋರು ಹಾಕಿದ್ದಾರಲ್ಲ, ಅದೇ ತರದ್ದು ಕೊಡಿ ಅಂದರು. ಸೊಸೆ ಬಿಲ್ಲಿನ ಕೌಂಟರಿನಿಂದಲೇ ಮಿಕ್ಕವರಿಗೆ ತೋರಿಸಿದಳು, ನೋಡಿ, ಏನೂ ಮಾಡದೆ ನಿಂತಿದ್ದಾರೆ. ಸೆಂಟು ಅವತ್ತಿನಿಂದ ಇನ್ನೊಂದು ಕಂಬ ಹಿಡಿದ. ಮೀಸೆಗೆ ಕಂಬ ಸಿಗಲಿಲ್ಲ, ಗೋಡೆಗೆ ಒರಗಿದ. ಮೂವರೂ ಹೀಗೆ ನಿಂತಾಗ ಒಳಗೆ ಬಂದ ಒಬ್ಬ ಅಜ್ಜ, ಮುಷ್ಕರವೇನಪ್ಪಾ, ಅಂತ ವಿಚಾರಿಸಿಕೊಂಡು ಹೋದರಂತೆ.

ಗೂಟ ಸಂತೋಷವಾಗಿದ್ದ. ಬೆನ್ನು ಮಾತ್ರ ಸಂತೋಷವಾಗಿರಲಿಲ್ಲ. ತಿಂಗಳ ಕೊನೆಯ ಹಿಂದಿನ ಸಂಜೆ ಅವನು ಅಂಗಿ ಬಿಚ್ಚಿ ಬಕೆಟ್ಟಿನ ಮುಂದೆ ನಿಂತಿದ್ದಾಗ ಹೆಂಡತಿ ಕಂಡುಬಿಟ್ಟಳು. ಬೆನ್ನುದ್ದಕ್ಕೂ ಕೆಂಪಗೆ ಜೋಡಿ ಜೋಡಿ ಗುರುತು. ಅವಳು ಹತ್ತಿರ ಬಂದು, ಒಂದು ಗುರುತನ್ನು ಬೆರಳಿಂದ ಒತ್ತಿ ನೋಡಿದಳು.

"ಯಾರ್ರೀ ಕಚ್ಚಿದ್ದು?"

"ಯಾರೂ ಇಲ್ಲ ಕಣೇ. ಕ್ಲಿಪ್ಪು."

"ಬಟ್ಟೆ ಒಣಹಾಕೋದಾ?"

"ಅದಲ್ಲ. ಗೊಂಬೇದು."

ಅವಳು ದಿನವೂ ಸಾವಿರ ಜನರ ಸುಳ್ಳು ಕೇಳುವ ಕೆಲಸದವಳು. ಇದು ಸುಳ್ಳಲ್ಲ ಅಂತ ಮುಖ ನೋಡಿದ ಕೂಡಲೇ ಗೊತ್ತಾಯಿತು. ಸುಳ್ಳಾಗಿದ್ದರೆ ಇದಕ್ಕಿಂತ ಚೆನ್ನಾಗಿರುತ್ತಿತ್ತು. ಕೂರಿಸಿಕೊಂಡು ಎಲ್ಲ ಕೇಳಿದಳು. ಕೇಳಿಯಾದಮೇಲೆ, ಹಿಂದಿನಿಂದ ಎರಡು ಹೊಲಿಗೆ ಹಾಕಿದ್ದರೆ ಆಗುತ್ತಿತ್ತಲ್ಲ ಅಂದಳು. ಗೂಟ ಷರ್ಟು ತಂದು ಅವಳ ಮುಂದಿಟ್ಟ. ಅವಳು ಸೂಜಿ ತಂದು, ಆ ನೀಲಿ ಷರ್ಟಿನ ಬೆನ್ನಿಗೆ ಉದ್ದಕ್ಕೆ ಎರಡು ಮಡಿಕೆ ಹಿಡಿದು ಹೊಲಿದು, ಹಲ್ಲಿನಲ್ಲಿ ದಾರ ಕಡಿದು, ಕೈಗೆ ಕೊಟ್ಟಳು.

ಬೆಳಿಗ್ಗೆ ಗೂಟ ಅದನ್ನು ತೊಟ್ಟು ಅಂಗಡಿಗೆ ಹೋದ. ಮುಂದಿನಿಂದಲೂ ಚಂದ, ಹಿಂದಿನಿಂದಲೂ ಚಂದ. ಕಂಬ ಬೇಕಾಗಲಿಲ್ಲ. ಬಗ್ಗಬಹುದು, ತಿರುಗಬಹುದು, ಏಣಿ ಹತ್ತಬಹುದು. ಕಟ್ಟಿಹಾಕಿದ ಕರುವನ್ನು ಬಿಚ್ಚಿದ ಹಾಗಾಯಿತು. ಬಾಗಿಲಲ್ಲಿ ನೆರಳು ಕಂಡರೆ ಸಾಕು, ಬನ್ನಿ ಸರ್, ಒಳಗಿನ್ನೂ ಇದೆ ಸರ್. ಒಬ್ಬರು ಕರವಸ್ತ್ರ ಕೇಳಿದ್ದಕ್ಕೆ ಕೋಟು ಇಳಿಸಿ ಹರಡಿದ. ಮಡಚಿದ್ದ ಷರ್ಟಿನ ತೋಳು ಒಂದು ಮೇಲೆ ಒಂದು ಕೆಳಗೆ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಹಳೇ ಗೂಟ. ತಲೆ ಎತ್ತಿ ನೋಡಿದರೆ ಸೊಸೆ ಬಿಲ್ಲು ಬರೆಯುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಆ ಕಡೆ ಸೆಂಟು ಕಂಬಕ್ಕೆ ಒರಗಿ, ಹುಟ್ಟಿದಾಗಿನಿಂದ ಅಲ್ಲೇ ಇದ್ದವನ ಹಾಗೆ ನಿಂತಿದ್ದ.

ಆಗ ಗೂಟನಿಗೆ ಅರ್ಥವಾಯಿತು. ಅವಳು ಮೆಚ್ಚಿದ್ದು ಷರ್ಟನ್ನಲ್ಲ, ಅವನನ್ನು ಅಲುಗದ ಹಾಗೆ ನಿಲ್ಲಿಸಿದ್ದ ಕ್ಲಿಪ್ಪನ್ನು. ಗೋಡೌನಿನ ಮೆಟ್ಟಿಲು ಕಣ್ಣಿಗೆ ಕಟ್ಟಿತು. ಇನ್ನೂ ಸಂಜೆಯವರೆಗೆ ಹೊತ್ತಿದೆ ಅಂದುಕೊಂಡು ಡಬ್ಬಿಯಿಂದ ಒಂದು ಮುಷ್ಟಿ ಕ್ಲಿಪ್ಪು ತೆಗೆದುಕೊಂಡು ಟ್ರಯಲ್ ರೂಮಿನ ಕಡೆ ಹೆಜ್ಜೆ ಹಾಕಿದ.

ಒಳಗೆ ಜನ ಇದ್ದರು. ಎದುರುಬೀದಿಯ ಕನ್ನಡಕದ ಅಂಗಡಿಯ ಮನುಷ್ಯ, ದಪ್ಪ ಮೈ, ಮೆದು ದನಿ. ನಾಳೆ ಮಗಳ ಕಾಲೇಜಿನಲ್ಲಿ ಏನೋ ಸಮಾರಂಭ, ಅಪ್ಪಾ ಸ್ವಲ್ಪ ನೆಟ್ಟಗೆ ಬಾ ಅಂದಿದ್ದಳಂತೆ. ಗಾಜಿನೊಳಗಿನ ಗೊಂಬೆ ಹಾಕಿದ್ದೇ ಬೇಕು ಅಂತ ಬಂದು, ಅದೇ ಷರ್ಟನ್ನು ಬೇರೆ ಬೇರೆ ಅಳತೆಯಲ್ಲಿ ಹಾಕಿ ಹಾಕಿ ನೋಡಿದ್ದ. ಹೆಗಲಿಗೆ ಕೂತದ್ದು ಹೊಟ್ಟೆಗೆ ಮುಚ್ಚದು, ಹೊಟ್ಟೆಗೆ ಮುಚ್ಚಿದ್ದು ಹೆಗಲಿಂದ ಜಾರುತ್ತದೆ. ಈಗ ಪರದೆ ಅರ್ಧ ತೆಗೆದು ಸ್ಟೂಲಿನ ಮೇಲೆ ಕೂತಿದ್ದ.

"ಬಟ್ಟೆ ಸರಿಯಾಗಿದೆ. ನಾನೇ ಸರಿ ಇಲ್ಲ, ಬಿಡಿ."

ಈ ಮಾತನ್ನು ಗೂಟ ಆ ಪರದೆಯ ಹಿಂದಿನಿಂದ ವರ್ಷಗಟ್ಟಲೆ ಕೇಳಿದ್ದ. ಪ್ರತಿ ಸಲವೂ, ಇಲ್ಲ ಸರ್, ತುಂಬಾ ಚೆನ್ನಾಗಿ ಕಾಣ್ತಿದೆ ಸರ್, ಅಂದು ಬಿಲ್ಲಿಗೆ ಕಳಿಸಿದ್ದ. ಇವತ್ತು ಬಾಯಿಗೆ ಬರಲಿಲ್ಲ. ಇಡೀ ತಿಂಗಳು ಅದೇ ಮಾತನ್ನು ಅವನೂ ಕನ್ನಡಿಗೆ ಹೇಳಿಕೊಂಡಿದ್ದನಲ್ಲ. ಮುಷ್ಟಿಯಲ್ಲಿದ್ದ ಕ್ಲಿಪ್ಪುಗಳನ್ನು ಒಮ್ಮೆ ನೋಡಿಕೊಂಡ. ಆಮೇಲೆ, ಎದ್ದು ನಿಲ್ಲಿ ಸರ್, ಆ ಕಡೆ ತಿರುಗಿ, ಅಂದು, ಆ ಮನುಷ್ಯನ ಬೆನ್ನಿಗೆ ಕ್ಲಿಪ್ಪು ಹಾಕತೊಡಗಿದ. ಹೆಗಲ ಹತ್ತಿರ ನಾಲ್ಕು, ಕೆಳಗೆ ಸಡಿಲ ಬಿಟ್ಟ. ಕನ್ನಡಿಯೊಳಗೆ ಹೆಗಲು ಎದ್ದು ನಿಂತಿತು. ಕನ್ನಡಕದವನು ತನ್ನ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಗೂಟ ಅಷ್ಟಕ್ಕೆ ಬಿಡದೆ ಅವನನ್ನು ಮುಂದಿನ ಗಾಜಿನವರೆಗೂ ಕರೆದುಕೊಂಡು ಹೋಗಿ, ಹಿಂದಿನ ಹಲಗೆ ಸರಿಸಿ, ಗೊಂಬೆಯನ್ನು ಸೊಂಟ ಹಿಡಿದು ತಿರುಗಿಸಿದ.

ಗೊಂಬೆಯ ಬೆನ್ನನ್ನು ಗಿರಾಕಿಗೆ ತೋರಿಸಬಾರದು ಅನ್ನುವುದು ಎಲ್ಲಿಯೂ ಬರೆದಿರಲಿಲ್ಲ. ಹೆತ್ತ ತಾಯಿಯನ್ನು ಮಾರಬಾರದು ಅಂತ ಬರೆದಿಡುತ್ತಾರೆಯೇ? ಮೀಸೆ ಗೋಡೆ ಬಿಟ್ಟು ನೆಟ್ಟಗಾದ. ಕನ್ನಡಕದವನು ಗೊಂಬೆಯ ಬೆನ್ನನ್ನು ನೋಡಿದ, ಮೇಲಿಂದ ಕೆಳಗೆ ಸಾಲಾಗಿ ಕಚ್ಚಿಕೊಂಡಿದ್ದ ಕ್ಲಿಪ್ಪುಗಳನ್ನು ಮುಟ್ಟಿದ.

"ಹಂಗಾದ್ರೆ ಇದಕ್ಕೂ ಸರಿಹೋಗಿಲ್ಲ," ಅಂದ.

"ಇದಕ್ಕೆ ಯಾವತ್ತೂ ಸರಿಹೋಗಿಲ್ಲ ಸರ್," ಅಂದ ಗೂಟ.

ಆ ಮನುಷ್ಯ ಕ್ಲಿಪ್ಪು ಹಾಕಿಸಿಕೊಂಡೇ ದರ್ಜಿಯ ಹತ್ತಿರ ಹೋದ, ಅದೇ ಷರ್ಟು ಇನ್ನೂ ಎರಡು ಬಣ್ಣದಲ್ಲಿ ಕೈಯಲ್ಲಿ ಹಿಡಿದುಕೊಂಡು. ಅವನು ರಸ್ತೆ ದಾಟುವವರೆಗೂ ಸೊಸೆ ನೋಡಿದಳು. ಆಮೇಲೆ ಎದ್ದು ಬಂದಳು.

"ಗೊಂಬೆ ಬೆನ್ನು ತೋರಿಸಿದ್ರಾ?"

"ತೋರಿಸ್ದೆ ಮೇಡಂ. ಅವರು ತಪ್ಪು ತಮ್ಮ ಮೈದು ಅಂದ್ಕೊಂಡಿದ್ರು."

"ನೀವು ಇಷ್ಟು ದಿನ ಕಂಬಕ್ಕೆ ಒರಗಿ ನಿಂತಿದ್ದು?"

"ಅದೂ ಕ್ಲಿಪ್ಪೇ ಮೇಡಂ."

ಅವಳು ಗೊಂಬೆಯನ್ನು ಮೊದಲಿನ ಹಾಗೆ ತಿರುಗಿಸಲು ಹೇಳಿ ಹೋದಳು. ಗೂಟ ತಿರುಗಿಸಿದ, ಮನಸ್ಸಿನಲ್ಲಿ ಆಗಲೇ ಮೆಟ್ಟಿಲು ಇಳಿಯುತ್ತಿದ್ದ.

ಸಂಜೆ ಶಟರು ಅರ್ಧ ಎಳೆದಮೇಲೆ ಮೂವರನ್ನೂ ಕರೆದಳು. ಕೆಳಗೆ ಹೋಗುವವರ ಹೆಸರು ಹೇಳುವ ಮುಂಚೆ ಮೀಸೆ ಕೆಮ್ಮಿ, ಕೆಳಗೆ ಕುರ್ಚಿ ಇದೆಯಾ ಮೇಡಂ ಅಂತ ಕೇಳಿದ. ಇದೆ ಅಂದಳು. ಹಾಗಾದರೆ ತಾನೇ ಹೋಗುತ್ತೇನೆ, ನಿಂತು ನಿಂತು ಕಾಲಿನ ನರ ಎದ್ದಿವೆ, ಇನ್ನು ಗೋಡೆಗೆ ಒರಗಿ ಸೊಂಟವೂ ಹೋಯಿತು ಅಂದ. ಅದು ಅಲ್ಲಿಗೆ ಮುಗಿಯಿತು. ಗೂಟ ಮೇಲೆಯೇ ಇರಬೇಕು, ಬೇಕು ಅಂದವರ ಬೆನ್ನಿಗೆ ಕ್ಲಿಪ್ಪು ಹಾಕಿ ತೋರಿಸಬೇಕು, ಒಬ್ಬ ದರ್ಜಿಯನ್ನು ಮೂಲೆಯಲ್ಲಿ ಕೂರಿಸೋಣ ಅಂತ ಸೊಸೆ ಹೇಳಿದಳು. ಗೂಟ ನಿಂತಲ್ಲೇ ಬಾಯಿ ತೆರೆದ, ಒಂದೇ ಉಸಿರಿಗೆ ಎಷ್ಟೋ ಹೇಳಬೇಕಿತ್ತು. ಅವಳು ಕೈ ಎತ್ತಿ ತಡೆದಳು.

"ಒಂದು ಹೇಳಿ. ನಾಳೆಯಿಂದ ಏನು ಹಾಕ್ಕೊಂಡು ಬರ್ತೀರಿ?"

ಗೂಟ ನಿಜವಾಗಿ ಯೋಚಿಸಿದ.

"ಒಗೆದಿದ್ದು ಯಾವುದಿರುತ್ತೋ ಅದು ಮೇಡಂ."

ಸೊಸೆ ಮಿಕ್ಕಿಬ್ಬರ ಕಡೆ ತಿರುಗಿದಳು. "ಕೇಳಿಸ್ಕೊಂಡ್ರಾ? ಒಂದು ತಿಂಗಳಿಂದ ನಾನು ಹೇಳ್ತಿರೋದು ಇದನ್ನೇ."

ಮೀಸೆ ತಲೆಯಾಡಿಸಿದ. ಸೆಂಟು ಒಂದು ಹೆಜ್ಜೆ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, ಯಾವ ಸೋಪಿನಲ್ಲಿ ಒಗೆಯುವುದು ಅಂತ ಗೂಟನನ್ನು ಕೇಳಿದ.