ಜಪ್ತಿಗೆ ಸಿಗದ ಮಿಷನ್ನು

"ಎಡಕ್ಕೆ, ಎಡಕ್ಕೆ! ಗೋಡೆಗೆ ತಾಗುತ್ತೆ!" ಚಿಕ್ಕಮ್ಮ ಕೂಗುತ್ತಿದ್ದಂತೆ ನಾಲ್ವರು ಅಪ್ಪನ ಶವಪೆಟ್ಟಿಗೆಯನ್ನು ಅವನದೇ ಬೂಟು ರಿಪೇರಿ ಅಂಗಡಿಯೊಳಗೆ ತಂದು ಇಳಿಸಿದರು. ಹಿಂದಿನ ಒಂದು ಕೋಣೆಯೇ ಮನೆ. ಅಲ್ಲಿ ಪೆಟ್ಟಿಗೆ ಹಿಡಿಸುವಂತಿರಲಿಲ್ಲ.

ಅವರ ಬೆನ್ನಿಗೇ ಒಳಬಂದ ಮುದುಕರೊಬ್ಬರನ್ನು ಕಂಡು ಮಗಳು ಎರಡು ಹೆಜ್ಜೆ ಹಿಂದೆ ಸರಿದಳು. ತೆರಿಗೆ ವಸೂಲಿಯವರು!

"ಹೆಣ ಎತ್ತೋವರೆಗಾದ್ರೂ ಕಾಯಬಾರದಾ ಈ ಮನುಷ್ಯ?" ಚಿಕ್ಕಮ್ಮ ಹಲ್ಲು ಕಡಿದರು.

ಆದರೆ ಮುದುಕರು ಪೆಟ್ಟಿಗೆಯ ಮುಂದೆ ನಿಂತು ಕಣ್ಣೊರೆಸಿಕೊಂಡರು. ಇದೇನಪ್ಪಾ ವಿಚಿತ್ರ! ವಸೂಲಿಗೆ ಬಂದವರು ಅಳುವುದುಂಟೆ?

* * *

ಅಮ್ಮ ಆಸ್ಪತ್ರೆಯಲ್ಲಿದ್ದು ತೀರಿಕೊಂಡ ವರ್ಷ ಅಂಗಡಿ ಮುಚ್ಚಿ, ತೆರಿಗೆ ಬಾಕಿ ಬಿತ್ತು. ಆಮೇಲೆ ಅದು ಬೆಳೆಯಿತೇ ಹೊರತು ತೀರಲಿಲ್ಲ. ಮೂರು ತಿಂಗಳಿಗೊಮ್ಮೆ ಈ ಮುದುಕರು ವಸೂಲಿಗೆ ಬರುತ್ತಿದ್ದರು. ಮೆಟ್ಟಿಲಲ್ಲಿ ಅವರ ಕೆಮ್ಮು ಕೇಳಿದರೆ ಸಾಕು, ಅಪ್ಪ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಓಡಿ ಹೊಲಿಗೆ ಮಿಷನ್ ಮುಂದೆ ಕೂತು ಯಾವುದೋ ಚೂರು ಚರ್ಮವನ್ನು ಕಟಕಟ ಹೊಲಿಯುತ್ತಿದ್ದ.

"ಅವರಿಗೆ ಅಷ್ಟೊಂದು ಹೆದರ್ತೀಯಾ?" ಮಗಳು ಒಮ್ಮೆ ಕೇಳಿದ್ದಳು.

"ನಿನಗ್ಯಾಕೆ ಅಧಿಕಪ್ರಸಂಗ? ಹೋಗಿ ಓದ್ಕೋ."

ಅಪ್ಪ ಪುಕ್ಕಲ ಎಂದು ಅವಳಿಗೆ ನಾಚಿಕೆಯಾಗಿತ್ತು.

* * *

ಮುದುಕರು ಅವಳ ಹತ್ತಿರ ಬಂದರು. "ಮಿಷನ್ ಓಡಿಸೋಕೆ ಬರುತ್ತೇನಮ್ಮಾ?"

"ಬರುತ್ತೆ. ಯಾಕೆ?"

"ನಾನು ಹೋದ ತಿಂಗಳೇ ರಿಟೈರಾದೆ. ಹೊಸಬ ಜಪ್ತಿಗೆ ಹೊರಟಿದ್ದಾನೆ, ಬೀದಿ ತುದೀಲಿದ್ದಾನೆ. ಕೆಲಸ ನಡೀತಿರೋ ಮಿಷನ್ ಮುಟ್ಟೋ ಹಾಗಿಲ್ಲ, ಹಾಗಂತ ಕಾನೂನು. ಸುಮ್ಮನೆ ನಿಂತಿದ್ರೆ ಎತ್ಕೊಂಡು ಹೋಗ್ತಾನೆ."

"ಹಾಗಾದ್ರೆ ನೀವು ಕೆಮ್ತಿದ್ದಿದ್ದು..."

"ನನಗೆ ಒಂದು ದಿನಾನೂ ಕೆಮ್ಮಿರಲಿಲ್ಲ ಕಣಮ್ಮಾ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಉಕ್ಕಿ ಬಂದವು. ಎಷ್ಟು ವರ್ಷ ಅಪ್ಪನನ್ನು ತಪ್ಪು ತಿಳಿದಿದ್ದಳು! ಈ ಮಿಷನ್ನೂ ಹೋದರೆ ನಾಳೆಯಿಂದ ಅವಳ ಹೊಟ್ಟೆಪಾಡಿಗೆ ಬೇರೆ ದಾರಿಯಿರಲಿಲ್ಲ. ಹೋಗಿ ಕೂತೇ ಬಿಟ್ಟಳು.

"ಅಪ್ಪನ ಹೆಣ ಮುಂದಿಟ್ಕೊಂಡು ಕೆಲಸಕ್ಕೆ ಕೂರ್ತೀಯೇನೇ? ನೋಡಿದೋರು ಏನಂದ್ಕೋತಾರೆ!" ಚಿಕ್ಕಮ್ಮ ಬಾಯಿ ಬಡಿದುಕೊಂಡರು.

"ಅಪ್ಪ ಏನೂ ಅಂದ್ಕೊಳ್ಳಲ್ಲ ಚಿಕ್ಕಮ್ಮಾ." ಅವಳು ಸುತ್ತ ನೋಡಿದಳು. ಪೆಟ್ಟಿಗೆಗೆ ಜಾಗ ಮಾಡಲು ಚರ್ಮ, ಬೂಟು ಎಲ್ಲವನ್ನೂ ಅಟ್ಟಕ್ಕೆ ಏರಿಸಿಬಿಟ್ಟಿದ್ದರು. "ಏನು ಹೊಲೀಲಿ?"

ಮುದುಕರು ಬಗ್ಗಿ ತಮ್ಮ ಎಡಗಾಲಿನ ಬೂಟು ಕಳಚಿದರು. ಗಟ್ಟಿಮುಟ್ಟಾಗಿದ್ದ ಹೊಲಿಗೆಯನ್ನು ಮಿಷನ್ ಮೇಲಿದ್ದ ಚಾಕುವಿನಿಂದ ಪರ್ರನೆ ಕಿತ್ತು, ಬೂಟನ್ನು ಅವಳ ಕೈಗಿಟ್ಟರು.

ಹೊಸ ಅಧಿಕಾರಿ ಹೊಸ್ತಿಲಿಗೆ ಬಂದಾಗ ಮಿಷನ್ನು ಕಟಕಟ ಓಡುತ್ತಿತ್ತು. ಶವಪೆಟ್ಟಿಗೆಯ ಪಕ್ಕದಲ್ಲಿ, ಒಂದೇ ಬೂಟಿನಲ್ಲಿ, ಗಿರಾಕಿಯ ಗತ್ತಿನಿಂದ ಮುದುಕರು ನಿಂತಿದ್ದರು.